ಲಿಂಬೆಹಣ್ಣಿಗಿಂತ ಮೊದಲು ಪ್ಲಗ್

ನಮ್ಮ ಮಾವನವರ ಎಡಗೈ ಸದ್ದು ಮಾಡುತ್ತಿತ್ತು. ಮೊಣಕೈಯ ಒಳಮಗ್ಗುಲಲ್ಲಿ ಹೆಬ್ಬೆರಳಿನಷ್ಟು ದಪ್ಪಗೆ ಉಬ್ಬಿದ ಒಂದು ನರವಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲು ಅನುಕೂಲವಾಗಲೆಂದು ಡಾಕ್ಟರು ಎರಡು ರಕ್ತನಾಳ ಜೋಡಿಸಿ ಮಾಡಿಕೊಟ್ಟಿದ್ದು. ಅದರ ಮೇಲೆ ಬೆರಳಿಟ್ಟರೆ ಒಳಗೊಂದು ದುಂಬಿ ಸಿಕ್ಕಿಕೊಂಡ ಹಾಗೆ ಗುಂಯ್ ಎನ್ನುವುದು ತಿಳಿಯುತ್ತಿತ್ತು. ದಿನಾ ಬೆಳಿಗ್ಗೆ ಮುಟ್ಟಿ ನೋಡಿಕೊಳ್ಳಿ, ಸದ್ದು ನಿಂತರೆ ಆ ಕ್ಷಣವೇ ಬನ್ನಿ ಎಂದು ದವಾಖಾನೆಯಲ್ಲಿ ಹೇಳಿದ್ದರು. ಮಾವನವರು ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ, ಬಲಗೈಯ ಮೂರು ಬೆರಳನ್ನು ಆ ನರದ ಮೇಲಿಟ್ಟು ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಹಾಂ, ನಡದೈತಿ" ಎನ್ನುತ್ತಿದ್ದರು. ಅದನ್ನು ಕೇಳಿದ ಮೇಲೆಯೇ ಅತ್ತೆ ಚಹಾಕ್ಕೆ ಇಡುತ್ತಿದ್ದರು, ಅದೂ ಡಾಕ್ಟರು ಅಳೆದುಕೊಟ್ಟ ಅರ್ಧ ಬಟ್ಟಲು.

ಅಲ್ಲಿಂದ ಅವರು ನೇರ ಅಂಗಳಕ್ಕೆ, ಕಾರಿನ ಹತ್ತಿರ. ನನ್ನನ್ನು ಕರೆದು ಚಾಲೂ ಮಾಡಿಸಿ, ಬಾನೆಟ್ ಮೇಲೆ ಅಂಗೈ ಊರಿ ಅದೇ ರೀತಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅದಕ್ಕೂ ಒಂದು "ನಡದೈತಿ" ಸಿಗಬೇಕು. ಸಿಗದಿದ್ದ ದಿನ ನನ್ನ ರೊಟ್ಟಿ ಹಂಚಿನ ಮೇಲೆ ಸೀದರೂ ಸರಿ, ಬಾನೆಟ್ ತೆರೆಯುವವರೆಗೆ ನನಗೆ ಬಿಡುಗಡೆ ಇಲ್ಲ.

ಅವರು ಮೆಕ್ಯಾನಿಕ್ ಅಲ್ಲ, ಅರಿವೆಯ ವ್ಯಾಪಾರಿ. ನಮ್ಮೂರು ಸುರೇಬಾನದ ಸೀರೆ, ಕುಪ್ಪಸದ ಖಣದ ಗಂಟುಗಳನ್ನು ಹೇರಿಕೊಂಡು ಕಟಕೋಳ, ಸವದತ್ತಿ, ಬೈಲಹೊಂಗಲ, ಕಿತ್ತೂರು ಎಂದು ಸಂತೆಯಿಂದ ಸಂತೆಗೆ ಹೋಗಿ ಮಾರಿದವರು. ಆ ತಿರುಗಾಟಕ್ಕೆಂದೇ ಕೊಂಡದ್ದು ಈ ಮೂರು ಪ್ಲಗ್ಗಿನ ಹಳೆಯ ಬಿಳಿ ಕಾರು. ನಾನು ಸೊಸೆಯಾಗಿ ಬಂದಾಗ ಅದರ ಹಿಂದಿನ ಸೀಟು ಕಾರಿನಲ್ಲಿರಲಿಲ್ಲ, ಪಡಸಾಲೆಯಲ್ಲಿತ್ತು. ಬೀಗರು ಬಂದರೆ ಅದರ ಮೇಲೆ ಕೂರಿಸುತ್ತಿದ್ದರು. ಸಕ್ಕರೆ ಬೇನೆ ಅವರ ಕಿಡ್ನಿ ತಿಂದ ಮೇಲೆ ಗಂಟುಗಳು ಇಳಿದವು, ಸೀಟು ವಾಪಸು ಕಾರಿಗೆ ಹೋಯಿತು.

ಸೋಮವಾರ ಮತ್ತು ಗುರುವಾರ ಬೆಳಿಗ್ಗೆ ರಾಮದುರ್ಗದ ದವಾಖಾನೆಯಲ್ಲಿ ಅವರ ಪಾಳಿ. ಸುರೇಬಾನದಿಂದ ಬಸ್ಸಿಗೇನೂ ಬರವಿಲ್ಲ. ಆದರೆ ಮಷೀನಿನಿಂದ ಬಿಡಿಸಿಕೊಂಡು ಬಂದ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಲಾರ. ಒಮ್ಮೆ ಹಾಗೆ ನಿಂತು, ಬಿ.ಪಿ. ಇಳಿದು, ಹಣ್ಣಿನ ಬುಟ್ಟಿಯವಳ ಮೇಲೆ ಕುಸಿದಿದ್ದರು. ಹೊತ್ತಿಗೆ ಮುಟ್ಟದಿದ್ದರೆ ಅವರ ಹಾಸಿಗೆಗೆ ಸಾಲಿನಲ್ಲಿದ್ದ ಮುಂದಿನವರು ಬರುತ್ತಾರೆ. ಬರಲೇಬೇಕಲ್ಲ, ಅವರದೂ ಜೀವವೇ. ಹಾಗಾಗಿ ಕಾರು ನಿಂತರೆ ಮಾವನವರ ಪಾಳಿ ತಪ್ಪಿತು, ಪಾಳಿ ತಪ್ಪಿದರೆ ಮೈಯಲ್ಲಿ ನೀರು ಏರಿ ಉಸಿರು ಕಟ್ಟಿತು. ಇಷ್ಟೇ ಲೆಕ್ಕ. ಇದನ್ನು ಅವರು ತಾವೇ ನಮಗೆ ಬಿಡಿಸಿ ಹೇಳಿದ್ದರು, ಸೀರೆಯ ಸೆರಗು ಬಿಚ್ಚಿ ತೋರಿಸಿದಷ್ಟು ನಿರಾಳವಾಗಿ.

ಕಾಲಿಗೆ ಜೋಮು, ಕಣ್ಣಿಗೆ ಮಂಜು, ಅವರು ಸ್ಟೇರಿಂಗ್ ಹಿಡಿಯುವ ಹಾಗಿರಲಿಲ್ಲ. ನನ್ನ ಗಂಡ ಬೈಲಹೊಂಗಲ ಕಡೆ ಬಸ್ ಕಂಡಕ್ಟರ್. ಊರ ಮಂದಿಯನ್ನೆಲ್ಲ ಅವರವರ ಊರಿಗೆ ಮುಟ್ಟಿಸುತ್ತಾರೆ, ತಾವು ಮನೆ ಮುಟ್ಟುವುದು ವಾರಕ್ಕೊಮ್ಮೆ. ಉಳಿದವಳು ನಾನು. ನಲವತ್ತು ದಾಟಿದ ಹೆಂಗಸಿಗೆ ಕಾರು ಕಲಿಸುತ್ತೇನೆ ಎಂದು ಮಾವನವರು ಹೊರಟಾಗ ಓಣಿಯಲ್ಲಿ ನಗದವರಿಲ್ಲ. ಸೊಸೆಯ ಕೈಲಿ ಗಾಡಿ ಹೊಡೆಸಿಕೊಂಡು ತಿರುಗುವ ಹೊತ್ತು ಬಂತಲ್ಲ ಎಂದು ಒಬ್ಬ ಹಿರಿಯರು ಕಟ್ಟೆಯ ಮೇಲೆ ಮರುಗಿದರಂತೆ. ಮಾವನವರು ಮರುದಿನ ಅದೇ ಕಟ್ಟೆಯ ಮುಂದೆ ನನಗೆ ಕಾರು ನಿಲ್ಲಿಸಲು ಹೇಳಿ, ಗಾಜು ಇಳಿಸಿ, ರಾಮದುರ್ಗಕ್ಕೆ ಬರುತ್ತೀರೇನು, ಜಾಗ ಐತಿ ಎಂದು ಅವರನ್ನೇ ಕರೆದರು. ಅವರು ಬಂದರು ಕೂಡ.

ಗಾಡಿ ಓಡಿಸಲು ಬಂದರೆ ಕಲಿತೆ ಎಂದು ನಾನು ಹಿಗ್ಗಿದ್ದೆ. ಮಾವನವರು ಹಿಗ್ಗಲಿಲ್ಲ. ಇನ್ನು ಅದರ ಹೊಟ್ಟೆಯೊಳಗಿನದು ಕಲಿ ಎಂದರು. ನಮ್ಮ ಕಡೆ ಅಮವಾಸ್ಯೆ ಬಂದರೆ ಗಾಡಿಗಳಿಗೆ ಪೂಜೆ: ಲಿಂಬೆಹಣ್ಣು, ಮೆಣಸಿನಕಾಯಿ, ಒಂದು ತೆಂಗಿನಕಾಯಿ. ಅತ್ತೆಯದು ಅದರಲ್ಲಿ ಬಲು ನಿಷ್ಠೆ. ಮಾವನವರು ಅದನ್ನು ಬೇಡ ಎನ್ನಲಿಲ್ಲ, ಅದರ ಮುಂದೆ ತಮ್ಮದೊಂದು ನೇಮ ಸೇರಿಸಿದ್ದರು ಅಷ್ಟೆ. ಲಿಂಬೆಹಣ್ಣು ಕಟ್ಟುವ ಮೊದಲು ಪ್ಲಗ್ ಬಿಚ್ಚಬೇಕು. ತಾರೀಖು ಮರೆಯುವ ಮಂದಿ ಇರಬಹುದು, ಅಮವಾಸ್ಯೆ ಮರೆಯುವ ನಿಮ್ಮ ಅತ್ತೆ ಇಲ್ಲ, ಆದ್ದರಿಂದ ಪರೀಕ್ಷೆಯೂ ತಪ್ಪುವುದಿಲ್ಲ ಎನ್ನುವುದು ಅವರ ಯುಕ್ತಿ.

ಮೂರು ಪ್ಲಗ್ಗುಗಳನ್ನು ಬಿಚ್ಚಿ ಹಳೆಯ ಖಣದ ತುಂಡಿನ ಮೇಲೆ ಸಾಲಾಗಿ ಇಡಿಸುತ್ತಿದ್ದರು. ಬಣ್ಣ ಹೇಳು ಎನ್ನುತ್ತಿದ್ದರು. ಕಣ್ಣಿನ ಮಂಜಿನಲ್ಲಿ ಅವರಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ, ನಾನು ಹೇಳಬೇಕು. ತುದಿ ಹುರಿದ ಶೇಂಗಾದ ಬಣ್ಣಕ್ಕಿದ್ದರೆ ಆರೋಗ್ಯ. ಒಣಗಿದ ಮಸಿಯಾದರೆ ಪೆಟ್ರೋಲ್ ಹೆಚ್ಚು ಕುಡಿಯುತ್ತಿದೆ. ಜಿಡ್ಡು ಜಿಡ್ಡು ಕರಿಯಾದರೆ ಎಣ್ಣೆ ಮೇಲೆ ಬರುತ್ತಿದೆ, ಇಂಜಿನ್ನಿನವನ ಹತ್ತಿರ ಹೋಗಬೇಕು. ಸುಣ್ಣದಂತೆ ಬೆಳ್ಳಗಾಗಿದ್ದರೆ ಇಂಜಿನ್ ವಿಪರೀತ ಕಾಯುತ್ತಿದೆ. ಕಪ್ಪು ಎಂದಷ್ಟೇ ನಾನು ಹೇಳಿದರೆ ಒಪ್ಪುತ್ತಿರಲಿಲ್ಲ; ಕಪ್ಪಿನಲ್ಲಿ ಎಷ್ಟು ನಮೂನೆ ಇದೆ ಎಂದು ಅರಿವೆ ಮಾರಿದವನಿಗೆ ಹೇಳಿಕೊಡುತ್ತೀಯಾ ಎಂದು ಛೇಡಿಸುತ್ತಿದ್ದರು. ತುದಿಯ ಸಂದನ್ನು ಕಣ್ಣಳತೆಯಲ್ಲಿ ನೋಡಿದರೆ ಮಾತ್ರ ನಿಜವಾಗಿ ಸಿಟ್ಟು ಬರುತ್ತಿತ್ತು. ಗೇಜಿನ ಪಟ್ಟಿ ತೂರಿಸಿಯೇ ನೋಡಬೇಕು. "ಅಂದಾಜಿನ ಮ್ಯಾಲ ಅರಿವಿ ಹರದಾಂವ ಅಂಗಡಿ ಮುಚ್ಚಿದ" ಎನ್ನುವುದು ಅವರ ಖಾಯಂ ಮಾತು.

ಪ್ಲಗ್ಗಿನಿಂದ ಹೊರಡುವ ಮೂರು ವೈರಿಗೆ ಅವರು ಮೂರು ಬಣ್ಣದ ದಾರ ಕಟ್ಟಿದ್ದರು, ಕೆಂಪು, ಹಸಿರು, ಹಳದಿ. ಆ ಮೂರೂ ಹೋಗಿ ಸೇರುವುದು ಡಿಸ್ಟ್ರಿಬ್ಯೂಟರಿನ ಕ್ಯಾಪಿಗೆ. ಯಾವ ಪ್ಲಗ್ಗಿಗೆ ಯಾವಾಗ ಕಿಡಿ ಹೋಗಬೇಕೆಂದು ಅಲ್ಲಿಂದ ಹಂಚಿಕೆ. ಮಾವನವರು ಅದನ್ನು ಟೊಪ್ಪಿಗೆ ಎನ್ನುತ್ತಿದ್ದರು. ಟೊಪ್ಪಿಗೆಯ ತೂತುಗಳ ಪಕ್ಕದಲ್ಲೂ ಅದೇ ಬಣ್ಣದ ಚುಕ್ಕಿಗಳಿದ್ದವು. ಅದನ್ನು ತೆಗೆದು ಒಳಗೆ ಕೂದಲೆಳೆಯಂಥ ಬಿರುಕು ಇದೆಯೇ, ಪಸೆ ಕೂತಿದೆಯೇ, ತಾಮ್ರದ ಮೊಳೆಗಳು ಸವೆದಿವೆಯೇ ನೋಡಬೇಕು. ವೈರನ್ನು ಬಾಗಿಸಿದರೆ ಒಣಗಿದ ಚಕ್ಕೆಯಂತೆ ಸೀಳಬಾರದು.

ಇನ್ನು ಬದಲಿಸುವುದು. ಅದು ಮಹಾನವಮಿಗೆ, ಹತಾರಗಳನ್ನು ಪೂಜಿಸುವ ಖಂಡೆ ಪೂಜೆಯ ದಿನ ಬೆಳಿಗ್ಗೆ. ಪ್ಲಗ್ಗು ಪ್ರತಿವರ್ಷ, ಟೊಪ್ಪಿಗೆ ಮತ್ತು ವೈರು ಒಂದು ವರ್ಷ ಬಿಟ್ಟು ಒಂದು ವರ್ಷ. ಗಾಡಿಯ ಪುಸ್ತಕದಲ್ಲಿ ಬರೆದಷ್ಟು ಕಿಲೋಮೀಟರ್ ಆಗುವವರೆಗೆ ಅವರು ಕಾಯುತ್ತಿರಲಿಲ್ಲ. ಪುಸ್ತಕ ಬರೆದವನು ನಮ್ಮ ರಸ್ತೆ ನೋಡಿಲ್ಲ ಎನ್ನುತ್ತಿದ್ದರು. ನನಗೋ ಹೊಟ್ಟೆ ಉರಿಯುತ್ತಿತ್ತು. ಹುರಿದ ಶೇಂಗಾದ ಬಣ್ಣದ ಒಳ್ಳೆ ಪ್ಲಗ್ಗನ್ನು ತೆಗೆದು ಹೊಸದು ಹಾಕುವುದೆಂದರೆ ಗಟ್ಟಿ ಸೀರೆಯನ್ನು ಹಳೆ ಅರಿವೆ ಕೊಳ್ಳುವ ಬೋಹಾರಗಿತ್ತಿಗೆ ಕೊಟ್ಟು ಪಾತ್ರೆ ಕೊಂಡ ಹಾಗೆ. ಒಮ್ಮೆ ಕೇಳಿಯೂ ಬಿಟ್ಟೆ, ಚಲೋ ನಡೆದದ್ದನ್ನು ಯಾಕೆ ತೆಗೆಯುತ್ತೀರಿ ಎಂದು.

ಅವರು ತೆಗೆದ ಪ್ಲಗ್ಗನ್ನು ಒರೆಸಿ, ಕಾಗದದಲ್ಲಿ ಸುತ್ತಿ, ಪೇಡೆಯ ಖಾಲಿ ಡಬ್ಬಿಯಲ್ಲಿ ಹಾಕುತ್ತಿದ್ದರು. ಹಾಕಿ, ಮುಚ್ಚಿ, ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೇಳಿದರು: "ಸತ್ತ ಮ್ಯಾಲ ತಗದ್ರ ಅದು ಕಸಾ ಆಗತೈತಿ, ಯವ್ವಾ. ಜೀವ ಇದ್ದಾಗ ತಗದಿಟ್ರ ದಾರ್‍ಯಾಗ ಜತಿಗೆ ಬರತೈತಿ. ನನ್ನ ಕಿಡ್ನಿ ಹಂಗ ಮದ್ಲ ತಗದಿಡಾಕ ಬರಲಿಲ್ಲ. ಇದು ಬರತೈತಿ, ಬಿಡಬಾರ್ದು."

ಆ ಡಬ್ಬಿ ಮುಂದಿನ ಸೀಟಿನ ಕೆಳಗೆ ಇರುತ್ತಿತ್ತು. ಅದರಲ್ಲಿ ಹೋದ ವರ್ಷದ ಪ್ಲಗ್ಗುಗಳು, ಹಳೆಯ ಟೊಪ್ಪಿಗೆ, ಒಂದೆರಡು ವೈರು.

ಈ ನಡುವೆ ನಮ್ಮ ಕಾರಿಗೆ ಇನ್ನೊಬ್ಬಳು ಸೇರಿದಳು. ನೇಕಾರರ ಓಣಿಯ ಹುಡುಗಿ, ಇಪ್ಪತ್ತೈದು ತುಂಬಿರಲಿಕ್ಕಿಲ್ಲ. ಅವಳಿಗೂ ಅದೇ ಬೇನೆ, ಅದೇ ಸೋಮವಾರ ಗುರುವಾರ. ಅವಳು ಬಸ್ಸಿಗೆ ಕಾಯುತ್ತ ಕಂಬ ಹಿಡಿದು ನಿಂತದ್ದನ್ನು ಮಾವನವರು ಒಂದು ದಿನ ನೋಡಿದರು. ನೋಡಿದ್ದೇ ತಡ, ನಿಲ್ಲಿಸು ಎಂದರು. ಅವತ್ತಿನಿಂದ ಹಿಂದಿನ ಸೀಟು ಅವಳದು. ಹೆಚ್ಚು ಮಾತಿನವಳಲ್ಲ. ಹೋಗುವಾಗ ಇಬ್ಬರೂ ಮೈ ಬಾತು ಸುಮ್ಮನಿರುತ್ತಿದ್ದರು. ಬರುವಾಗ ಮಾವನವರು ತಮ್ಮ ಕೈಯ ಗುಂಯ್ ದೊಡ್ಡದೋ ಅವಳದು ದೊಡ್ಡದೋ ಎಂದು ಜಗಳ ತೆಗೆದು ಅವಳನ್ನು ನಗಿಸುತ್ತಿದ್ದರು.

ಆ ವರ್ಷ ಖಂಡೆ ಪೂಜೆ ಭಾನುವಾರ ಬಂತು. ಬೆಳಿಗ್ಗೆ ಮಾವನವರೂ ನಾನೂ ಹೊಸ ಪ್ಲಗ್ ಹಾಕಿ ಮುಗಿಸಿದೆವು. ಅವರು ಸುಸ್ತಾಗಿ ಒಳಗೆ ಮಲಗಿದರು, ನಾನು ಹೋಳಿಗೆಯ ಹೂರಣ ರುಬ್ಬಲು ಹೋದೆ. ಅಷ್ಟು ಹೊತ್ತು ಸಾಕಾಯಿತು ತಾಯಿ ಮಗನಿಗೆ. ಹಬ್ಬಕ್ಕೆ ಬಂದ ನನ್ನ ಗಂಡ ಗಾಡಿ ತೊಳೆಯಲು ನಿಂತರು. ದೇವರ ಮುಂದೆ ನಿಲ್ಲುವ ಗಾಡಿ ಮೈಯೆಲ್ಲ ತೊಳೆದಿರಬೇಕು, ಒಳಗೂ ಹೊಲಸು ಇರಬಾರದು ಎಂದು ಅತ್ತೆಯ ಅಪ್ಪಣೆ. ಬಾನೆಟ್ ತೆರೆದು, ನಳದ ಪೈಪು ಹಿಡಿದು, ಇಂಜಿನ್ ಮೇಲೆ ಮನಸಾರೆ ನೀರು ಬಿಟ್ಟರು. ಆಮೇಲೆ ಕುಂಕುಮ, ಚೆಂಡು ಹೂವು, ಕಾಯಿ. ಪ್ಲಗ್ ಬಿಚ್ಚುವ ಪಾನಾ, ಸ್ಕ್ರೂಡ್ರೈವರ್, ಗೇಜಿನ ಪಟ್ಟಿ ಎಲ್ಲವನ್ನೂ ಅತ್ತೆ ಮಣೆಯ ಮೇಲೆ ಸಾಲಾಗಿ ಇಟ್ಟು ದೇವರ ಮುಂದೆ ಕೂರಿಸಿದರು. ಪೂಜೆಗೆ ಇಟ್ಟ ಹತಾರವನ್ನು ಮರುದಿನ ಸಂಜೆ ಬನ್ನಿ ಕೊಡುವ ತನಕ ಮುಟ್ಟಬಾರದು. ಪೇಡೆಯ ಡಬ್ಬಿಯನ್ನೂ ಕೇಳಿದರಂತೆ. ಮಾವನವರು ಮಲಗಿದಲ್ಲಿಂದಲೇ, ಅದು ಹತಾರ ಅಲ್ಲ ಎಂದು ಹೇಳಿ ಉಳಿಸಿದರು.

ಮರುದಿನ ಸೋಮವಾರ, ದಸರೆ. ರಕ್ತಕ್ಕೆ ಸೂಟಿ ಇಲ್ಲ. ಗುರುವಾರದಿಂದ ಸೋಮವಾರಕ್ಕೆ ಮೊದಲೇ ಉದ್ದನೆಯ ಬಿಡುವು, ಮೇಲೆ ಹಬ್ಬದಲ್ಲಿ ಕಟ್ಟಿನ ಸಾರು ತುಸು ಜಾಸ್ತಿ ಕುಡಿದಿದ್ದರು. ಪಾದ ಬಾತು ಚಪ್ಪಲಿ ಹಿಡಿಯುತ್ತಿರಲಿಲ್ಲ, ಉಸಿರು ಮೇಲೆ ಮೇಲೆ. ಬಾನೆಟ್ ಮೇಲೆ ಕೈ ಇಡುವ ತ್ರಾಣವಿಲ್ಲದೆ ನೇರ ಸೀಟಿಗೆ ಬಂದು ಕೂತರು. ಗಂಡ ನಸುಕಿನಲ್ಲೇ ಡ್ಯೂಟಿಗೆ ಹೋಗಿಯಾಗಿತ್ತು. ಕಾರು ಚಾಲೂ ಆಗಲು ಹಠ ಮಾಡಿತು, ಆಮೇಲೆ ಹಿಡಿಯಿತು. ಹುಡುಗಿಯನ್ನು ಹತ್ತಿಸಿಕೊಂಡು ಊರು ದಾಟಿದೆವು.

ರಾಮದುರ್ಗದ ಹೊಳೆ ಇನ್ನೂ ದೂರವಿತ್ತು. ಕಬ್ಬಿನ ಹೊಲದ ಪಕ್ಕದ ಸಣ್ಣ ಏರಿನಲ್ಲಿ ಕಾರು ಜಗ್ಗತೊಡಗಿತು. ಮಾವನವರು ಕಣ್ಣು ಮುಚ್ಚಿಯೇ, ಮೂರರಲ್ಲಿ ಒಂದು ಕೈ ಬಿಟ್ಟಿತು ಎಂದರು. ಸ್ವಲ್ಪ ಹೊತ್ತಿಗೆ ಮೂರೂ ಬಿಟ್ಟವು. ಕಾರು ರಸ್ತೆಯ ಅಂಚಿಗೆ ಹೋಗಿ ನಿಂತಿತು.

ನಾನು ಹ್ಯಾಂಡ್‌ಬ್ರೇಕ್ ಎಳೆದೆ. ನಿನ್ನೆ ಬಾನೆಟ್ ತೆರೆದು ತೊಳೆದರೇನು ಎಂದು ಮಾವನವರು ಕೇಳಿದರು. ತೊಳೆದ ನೆಲ ನಾನು ಆಮೇಲೆ ನೋಡಿದ್ದೆ, ಹೌದು ಎಂದೆ. ಬೈಯುತ್ತಾರೆ ಎಂದುಕೊಂಡೆ. ಅವರು ನಕ್ಕರು. ನಗುವಿನ ನಡುವೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು.

"ನೀರು ನನಗೂ ಆಗಿ ಬರಂಗಿಲ್ಲ, ಅದಕ್ಕೂ ಆಗಿ ಬರಂಗಿಲ್ಲ. ಹಬ್ಬದಾಗ ಇಬ್ಬರಿಗೂ ಕುಡಿಸ್ಯಾರ. ಇಳಿ, ಟೊಪ್ಪಿಗಿ ತಗಿ. ಅದಕ್ಕ ಪಾನಾ ಬೇಕಿಲ್ಲ."

ಹೆಗಲ ಮೇಲಿನ ವಸ್ತ್ರ ತೆಗೆದು ಕೊಟ್ಟರು. ಟೊಪ್ಪಿಗೆಗೆ ಎರಡು ಕ್ಲಿಪ್ಪು, ಬೆರಳಿನಿಂದಲೇ ಬಿಚ್ಚಬಹುದು. ತೆಗೆದರೆ ಒಳಗೆ ಪಸೆ, ಬೆಳಗಿನ ಹುಲ್ಲಿನ ಮೇಲಿದ್ದಂತೆ ಹನಿ ಹನಿ. ಒರೆಸಿ, ಊದಿ, ಹಾಕಿದೆ. ಕಾರು ಚಾಲೂ ಆಯಿತು. ನಾನು ಸೀಟಿನಲ್ಲಿ ಸರಿಯಾಗಿ ಕೂರುವಷ್ಟರಲ್ಲಿ ಮತ್ತೆ ಕೆಮ್ಮಿ ಸತ್ತಿತು.

ಅಷ್ಟರಲ್ಲಿ ಬೈಕಿನ ಹಿಂದೆ ಬನ್ನಿಯ ಟೊಂಗೆ ಕಟ್ಟಿಕೊಂಡು ಬಂದ ಒಬ್ಬ ನಿಂತ. ಒಬ್ಬರನ್ನಾದರೆ ರಾಮದುರ್ಗಕ್ಕೆ ಒಯ್ಯುತ್ತೇನೆ ಎಂದ. ಮಾವನವರು ತಡಮಾಡದೆ ಹಿಂದೆ ತಿರುಗಿ ಹುಡುಗಿಗೆ ಇಳಿ ಎಂದರು. ಅವಳು ಇಳಿದಳು, ಆದರೆ ಬೈಕಿನ ಕಡೆ ಹೋಗಲಿಲ್ಲ. ಅಜ್ಜಾರು ಬರುವ ತನಕ ಒಲ್ಲೆ ಎಂದು ಬಾನೆಟ್ಟಿನ ಹತ್ತಿರ ಬಂದು ನನ್ನ ಪಕ್ಕ ನಿಂತಳು. ಹಾಗಾದರೆ ನೀವೇ ಬನ್ನಿ ಎಂದು ಬೈಕಿನವನು ಮಾವನವರನ್ನು ಕರೆದ. ಅವರು ಬಾತ ಪಾದ ತೋರಿಸಿ ಕೈಮುಗಿದರು.

"ನೀ ನಡಿಯಪಾ, ಹೊತ್ತಾಗತೈತಿ ನಿನಗ. ಸಮಾ ಮಾಡಾಕ ನಮ್ಮ ಸೊಸಿ ಅದಾಳ."

ಬೈಕಿನವನು ನನ್ನ ಮುಖ ನೋಡಿದ, ನಾನು ಇಂಜಿನ್ನಿನ ಮುಖ ನೋಡಿದೆ. ನನಗೇ ನನ್ನ ಮೇಲೆ ನಂಬಿಕೆ ಇರಲಿಲ್ಲ. ಆ ಮಾತು ಕಿವಿಗೆ ಬಿದ್ದ ಮೇಲೆ ಮಾತ್ರ ಇನ್ನು ಹಿಂದೆ ಸರಿಯುವ ದಾರಿ ಇಲ್ಲ ಅನ್ನಿಸಿತು. ಮಾಡಲೇಬೇಕು, ಮುಗಿಯಿತು.

ಟೊಪ್ಪಿಗೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದೆ. ಕೆಂಪು ಚುಕ್ಕಿಯ ಮೊಳೆಯಿಂದ ಹಸಿರು ಚುಕ್ಕಿಯ ಮೊಳೆಗೆ ಪೆನ್ಸಿಲಿನಿಂದ ಗೀಚಿದಷ್ಟು ತೆಳ್ಳನೆಯ ಕರಿ ಗೆರೆ. ಪಸೆಯ ಮೇಲೆ ಹಾದು ಕಿಡಿ ತನ್ನದೇ ಕಾಲುದಾರಿ ಮಾಡಿಕೊಂಡುಬಿಟ್ಟಿತ್ತು. ಗೆರೆ ಐತ್ರಿ ಮಾವಾರ ಎಂದು ಕೂಗಿದೆ. ಅವರು ಸೀಟಿನ ಕೆಳಗೆ ಕೈ ಹಾಕಿ ಪೇಡೆಯ ಡಬ್ಬಿ ಎಳೆದು, ಕಿಟಕಿಯಿಂದ ಚಾಚಿದರು. ಎಡಗೈಯಲ್ಲಿ ಚಾಚಿದ್ದರು, ಆ ನರ ಬಿಸಿಲಲ್ಲಿ ಉಬ್ಬಿ ಕಾಣುತ್ತಿತ್ತು.

"ಒಂದ ವೈರ್ ತಗಿ, ಅದನ್ನ ಇದಕ್ಕ ಹಾಕು. ಆಮ್ಯಾಗ ಇನ್ನೊಂದ. ಎಲ್ಲಾ ಒಮ್ಮಿಗೆ ತಗೀಬ್ಯಾಡ. ಗಡಿಬಿಡಿ ಇಲ್ಲ."

ಗಡಿಬಿಡಿ ಇಲ್ಲ ಎಂದವರ ಉಸಿರು ಕಾರಿನ ಹೊರಗೆ ಕೇಳುತ್ತಿತ್ತು. ಹುಡುಗಿ ಡಬ್ಬಿಯಲ್ಲಿದ್ದ ಹಳೆಯ ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಬಟ್ಟಲಿನಂತೆ ಹಿಡಿದಳು. ನಾನು ಒಂದೊಂದೇ ವೈರು ಕಿತ್ತು ಕೊಟ್ಟೆ, ಅವಳು ನೇಕಾರರ ಮನೆಯವಳು, ದಾರದ ಬಣ್ಣ ನೋಡಿ ಚುಕ್ಕಿಗೆ ಕೂರಿಸಿದಳು. ಕೆಂಪು, ಹಸಿರು, ಹಳದಿ, ಕೊನೆಗೆ ನಡುವಿನ ದಪ್ಪ ವೈರು. ಕ್ಲಿಪ್ಪು ಹಾಕಿದೆ. ಚಾವಿ ತಿರುಗಿಸಿದೆ. ಮೂರು ಪ್ಲಗ್ಗೂ ಒಟ್ಟಿಗೆ ಮಾತಾಡಿದವು.

ಹೊಳೆ ಕಂಡ ಮೇಲೆ ಹಿಂದಿನ ಸೀಟಿನಲ್ಲಿ ಆ ಹುಡುಗಿ ಅಳುತ್ತಿದ್ದಳು, ನಾನು ಅಳುತ್ತ ಗಾಡಿ ಹೊಡೆಯುತ್ತಿದ್ದೆ. ದವಾಖಾನೆಯಲ್ಲಿ ಅವರ ಹಾಸಿಗೆಯ ಚಾದರ ಬದಲಿಸುತ್ತಿದ್ದರು, ಇನ್ನೊಬ್ಬರ ಹೆಸರು ಇನ್ನೂ ಕರೆದಿರಲಿಲ್ಲ.

ಸಂಜೆ ಮನೆಯಲ್ಲಿ ಮಾವನವರು ಮಂಚದ ಮೇಲೆ ಕೂತೇ ಎಲ್ಲರಿಗೂ ಬನ್ನಿ ಕೊಟ್ಟರು. ಅತ್ತೆಯ ಸರದಿ ಬಂದಾಗ ಎಲೆ ಕೈಗಿಟ್ಟು, "ಬಂಗಾರದಂಗ ಇರೂಣು. ಆದ್ರ ಮುಂದಿನ ವರ್ಷ ಆರತಿ ಮಾಡು, ಅಭಿಷೇಕ ಬ್ಯಾಡ" ಎಂದರು. ನಾವೆಲ್ಲ ನಕ್ಕೆವು, ಅತ್ತೆ ನಗಲಿಲ್ಲ. ತಮ್ಮ ಗಂಡನ ಗಾಡಿಗೆ ಕೇಡಾಗದಿರಲೆಂದು ಮಾಡಿದ್ದು ಹೀಗಾಯಿತಲ್ಲ ಎಂಬ ನೋವು ಅವರನ್ನು ಬಹಳ ದಿನ ತಿಂದಿತು. ಅದನ್ನು ಅವರು ಸಿಟ್ಟಾಗಿ ತೋರಿಸಿದರು. ಪ್ಲಗ್ಗು ನಿಮಗೆ, ಲಿಂಬೆಹಣ್ಣು ನನಗೆ ಎಂದು ಪಾಲು ಮಾಡಿಬಿಟ್ಟರು. ಅಮವಾಸ್ಯೆಯ ದಿನ ನಾವು ಬಾನೆಟ್ ಮುಚ್ಚುವವರೆಗೆ ತಲೆಬಾಗಿಲು ದಾಟಿ ಬರುತ್ತಿರಲಿಲ್ಲ.

ಅದಾದ ಮೇಲೂ ಮಾವನವರು ತಮ್ಮ ಪಾಳಿ ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ. ಬರಬರುತ್ತ ನನ್ನ ಹತ್ತಿರ ಬಣ್ಣ ಕೇಳುವುದನ್ನು ಬಿಟ್ಟರು. ನಾನು ಪ್ಲಗ್ ಬಿಚ್ಚಿ ನೋಡಿ ಹಾಕುವಾಗ ಸುಮ್ಮನೆ ಕುರ್ಚಿಯ ಮೇಲೆ ಕೂತಿರುತ್ತಿದ್ದರು.

ಹೋದ ಚಳಿಗಾಲದ ಒಂದು ಬುಧವಾರ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ, ಅತ್ತೆ ಚಹಾದ ಪಾತ್ರೆ ಕೈಯಲ್ಲಿ ಹಿಡಿದು ನಿಂತಿದ್ದರು. ಒಳಗಿನಿಂದ "ನಡದೈತಿ" ಬರಲಿಲ್ಲ. ಅತ್ತೆ ಇನ್ನೂ ಸ್ವಲ್ಪ ಹೊತ್ತು ಕಾದರು. ಆಮೇಲೆ ಪಾತ್ರೆಯನ್ನು ಕೆಳಗಿಟ್ಟರು. ನಾವು ಹೋಗಿ ನೋಡಿದಾಗ ಮಾವನವರು ಗೋಡೆಗೆ ಒರಗಿ ಕೂತಿದ್ದರು, ಬಲಗೈಯ ಬೆರಳು ಆ ನರದ ಮೇಲೆಯೇ ಇತ್ತು. ನಾನು ಮುಟ್ಟಿ ನೋಡಿದೆ. ದುಂಬಿ ಇರಲಿಲ್ಲ.

ಸಂಜೆಯೊಳಗೆ ಹೊಲದಲ್ಲಿ ಮಣ್ಣು ಮಾಡಿ ಬಂದೆವು. ಮನೆ ತುಂಬ ಮಂದಿ. ಮರುದಿನ ಗುರುವಾರ ಎನ್ನುವುದು ನನ್ನ ತಲೆಯಿಂದ ಹೋಗಲೊಲ್ಲದು. ನೇಕಾರರ ಹುಡುಗಿಯ ಅಪ್ಪ ಬಂದು, ನಾವು ಬಸ್ಸಿಗೆ ಹೋಗುತ್ತೇವೆ, ನೀವು ಚಿಂತೆ ಮಾಡಬೇಡಿ ಎಂದು ಹೇಳಿ ಹೋದ. ದಿನಕರ್ಮ ಮುಗಿಯುವ ತನಕ ಮನೆಯ ಸೊಸೆ ಹೊಸ್ತಿಲು ದಾಟಿ ಗಾಡಿ ತೆಗೆಯುವುದು ಸರಿಯಲ್ಲ ಎಂದು ಬೀಗರಲ್ಲಿ ಹಿರಿಯರು ಹೇಳಿದರು. ನನ್ನ ಗಂಡ ನೆಲ ನೋಡುತ್ತ ಕೂತಿದ್ದರು. ಕಂಬ ಹಿಡಿದು ನಿಂತ ಆ ಹುಡುಗಿ ನನ್ನ ಕಣ್ಣಿಗೆ ಕಟ್ಟಿದ್ದಳು, ಆದರೂ ಆ ಮನೆಯಲ್ಲಿ, ಆ ದಿನ, ನಾನು ಬಾಯಿ ತೆರೆಯಲಾರದೆ ಹೋದೆ.

ಬೆಳಗಾಗುತ್ತಿತ್ತು. ಗೋಡೆಗೆ ಒರಗಿದ್ದ ಅತ್ತೆ ಎದ್ದರು. ಗೂಟಕ್ಕೆ ತೂಗುಹಾಕಿದ್ದ ಮಾವನವರ ಹೆಗಲ ವಸ್ತ್ರ ತೆಗೆದುಕೊಂಡರು. ದೇವರ ಮಾಡದಲ್ಲಿ ಇಟ್ಟಿರುತ್ತಿದ್ದ ಪ್ಲಗ್ ಪಾನಾ ತೆಗೆದುಕೊಂಡರು. ಎರಡನ್ನೂ ತಂದು ಎಲ್ಲರ ಎದುರಿಗೆ ನನ್ನ ಉಡಿಯಲ್ಲಿ ಹಾಕಿದರು.

"ಬಂದ ಮಂದಿಗೆ ನಾ ಹೇಳತೇನಿ. ಆ ಹುಡಿಗಿ ಕಾಯಾಕತ್ತಿರತೈತಿ. ಏಳು, ಮದ್ಲ ಪ್ಲಗ್ ನೋಡು."

ನಾನು ಅಂಗಳಕ್ಕೆ ಹೋಗಿ ಮೂರನ್ನೂ ಬಿಚ್ಚಿ ನೋಡಿದೆ, ಹುರಿದ ಶೇಂಗಾದ ಬಣ್ಣ. ಟೊಪ್ಪಿಗೆಯ ಒಳಗನ್ನು ವಸ್ತ್ರದಿಂದ ಒರೆಸಿದೆ, ಅದಕ್ಕೆ ವಿಭೂತಿಯ ವಾಸನೆ ಇತ್ತು. ಬಾನೆಟ್ ಮುಚ್ಚಿ ಚಾವಿ ತಿರುಗಿಸಿದೆ.

ಅತ್ತೆ ಹೊಸ್ತಿಲು ದಾಟಿ ಬಂದರು. ಕೈಯಲ್ಲಿ ಲಿಂಬೆಹಣ್ಣು ಇರಲಿಲ್ಲ. ಬಾನೆಟ್ ಮೇಲೆ ಮಾವನವರು ಇಡುತ್ತಿದ್ದ ಜಾಗದಲ್ಲೇ ಅಂಗೈ ಊರಿ, ಕಣ್ಣು ಮುಚ್ಚಿ ನಿಂತರು. ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದರು.

"ಹಾಂ, ನಡದೈತಿ" ಎಂದರು.

ನಾನು ನೇಕಾರರ ಓಣಿಯ ಕಡೆ ಗಾಡಿ ತಿರುಗಿಸಿದೆ.